ಬೀದಿ ಯಾರ ಸೊತ್ತು? ರಾಜಧಾನಿಯ ಸಂಚಾರಸಂಕಟ

ಬೆಂಗಳೂರಿನಲ್ಲಿ ದೂರವನ್ನು ಮೈಲಿಯಿಂದಲೋ ಕಿಲೋಮೀಟರಿನಿಂದಲೋ ಅಳೆಯುವ ವಾಡಿಕೆಯು ತಪ್ಪಿಹೋಗಿ ಬಹುಕಾಲವಾಯಿತು. ಜಯನಗರದಿಂದ ವೈಟ್‌ಫೀಲ್ಡಿಗೆ ಎಷ್ಟು ದೂರವೆಂದು ಕೇಳಿದರೆ, “ಬೆಳಗ್ಗೆ ಆರಕ್ಕೆ ಹೊರಟರೆ ಮುಕ್ಕಾಲು ಗಂಟೆ, ಒಂಬತ್ತಕ್ಕೆ ಹೊರಟರೆ ದೇವರೇ ಬಲ್ಲ” ಎಂಬ ಉತ್ತರವು ದೊರೆಯುತ್ತದೆ. ಮುಹೂರ್ತಕ್ಕೆಂದು ಮನೆಬಿಟ್ಟ ನೆಂಟರು ಧಾರೆ ಮುಗಿದು ಎಲೆ ಹಾಕುವ ಹೊತ್ತಿಗೆ ಬಂದು ಸೇರುವುದೂ, ಕಚೇರಿಗೆ ತಡವಾಗಿ ಬಂದ ಗುಮಾಸ್ತನು “ಟ್ರಾಫಿಕ್ಕು” ಎಂಬ ಒಂದೇ ಮಾತಿನಿಂದ ಕ್ಷಮೆಯನ್ನು ಪಡೆಯುವುದೂ ನಿತ್ಯದ ಸಂಗತಿಗಳಾಗಿವೆ. ಜಗತ್ತಿನ ನಗರಗಳ ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಎಂಬ ಸಂಸ್ಥೆಯವರು ೨೦೨೨ನೆಯ ವರ್ಷಕ್ಕೆ ಕೊಟ್ಟ ಲೆಕ್ಕದಂತೆ, ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ ೨೯ ನಿಮಿಷ ೧೦ ಸೆಕೆಂಡು ಹಿಡಿಯುತ್ತಿತ್ತು. ಆ ವರ್ಷ ಅವರ ಪಟ್ಟಿಯಲ್ಲಿ ನಮಗಿಂತ ಮಂದಗತಿಯ ನಗರವೆಂದರೆ ಲಂಡನ್ ಒಂದೇ. ಗಂಟೆಗೆ ಇಪ್ಪತ್ತೊಂದು ಕಿಲೋಮೀಟರು ಕೂಡ ತುಂಬದ ಈ ವೇಗವನ್ನು, ಬೀದಿ ತೆರವಾಗಿದ್ದರೆ, ಗಟ್ಟಿ ಕಾಲಿನ ಸೈಕಲ್ ಸವಾರನು ತನ್ನ ಬಲದಿಂದಲೇ ಸಾಧಿಸಬಲ್ಲನು. ಅದೂ ವರ್ಷದ ಸರಾಸರಿ. ಸಂಜೆ ಆರು ಗಂಟೆಯ ಮಾತು ಬೇರೆ.

ಈ ವಿಷಯವನ್ನು ಕುರಿತು ಪ್ರತಿನಿತ್ಯವೂ ಗೋಳು ಕೇಳಿಬರುತ್ತಿದೆ. ಆದರೆ ಆ ಗೋಳಿನ ಧ್ವನಿಯು ಬಹುತೇಕ ಕಾರಿನ ಕಿಟಕಿಯಿಂದ ಬರುವ ಧ್ವನಿ ಎಂಬುದನ್ನು ವಾಚಕರು ಗಮನಿಸಬೇಕು. ಅದೇ ಸಿಗ್ನಲ್ಲಿನಲ್ಲಿ ಅದೇ ಹೊತ್ತಿಗೆ, ಆ ಕಾರಿನ ಹಿಂದೆ, ಅರವತ್ತು ಎಪ್ಪತ್ತು ಮಂದಿಯನ್ನು ಹೊತ್ತ ಬಸ್ಸೊಂದು ನಿಂತಿರುತ್ತದೆ. ಕಾರಿನಲ್ಲಿರುವವರು ಹೆಚ್ಚಾಗಿ ಒಬ್ಬರು. ಆ ಒಬ್ಬರಿಗೆ ತಂಪು ಗಾಳಿಯೂ ಸಂಗೀತವೂ ಇವೆ. ಈ ಎಪ್ಪತ್ತು ಮಂದಿಗೆ ಹೊಗೆಯೂ ಬೆವರೂ ಇವೆ. ಬೀದಿಯನ್ನು ತುಂಬಿದವರು ಒಬ್ಬರು, ಅದರ ಫಲವನ್ನು ಉಣ್ಣುವವರು ಮತ್ತೊಬ್ಬರು. ನಮ್ಮ ಸರಕಾರಗಳು ಈ ಅನ್ಯಾಯದ ಕಡೆಗೆ ಕಣ್ಣು ಹಾಯಿಸದೆ, ಕಾರಿನವರ ಗೋಳನ್ನೇ ಊರಿನ ಗೋಳೆಂದು ತಿಳಿದು ಔಷಧ ಕೊಡಹೊರಟಿರುವುದರಿಂದಲೇ ರೋಗವು ಗುಣವಾಗದೆ ಬೆಳೆಯುತ್ತಿದೆ.

ನಗರವು ಬೆಳೆದ ಬಗೆಯನ್ನು ಮೊದಲು ಸ್ವಲ್ಪ ನೋಡೋಣ. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿದ ಪೇಟೆಯು ಕಾಲ್ನಡಿಗೆಗೂ ಎತ್ತಿನ ಗಾಡಿಗೂ ತಕ್ಕ ಊರು. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದ ಸುತ್ತ ಅಕ್ಕಿಪೇಟೆ, ತರಗುಪೇಟೆ, ನಗರ್ತಪೇಟೆ ಎಂದು ಒಂದೊಂದು ಕಸುಬಿಗೆ ಒಂದೊಂದು ಬೀದಿ. ಮಾಳಿಗೆಯ ಮೇಲೆ ಮನೆ, ಕೆಳಗೆ ಅಂಗಡಿ. ಕೆಲಸಕ್ಕೆ ಹೋಗುವುದೆಂದರೆ ಮೆಟ್ಟಿಲಿಳಿಯುವುದು. ೧೮೯೮ರ ಪ್ಲೇಗಿನ ಹಾವಳಿಯು ಆ ಇಕ್ಕಟ್ಟಿನ ಕೇಡನ್ನು ತೋರಿಸಿಕೊಟ್ಟ ಬಳಿಕ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳಲ್ಲಿ ಜನ ನೆಲೆಸಿದರು. ಅಲ್ಲಿಯೂ ಮಾರುಕಟ್ಟೆ, ಶಾಲೆ, ಗುಡಿ ಎಲ್ಲವೂ ನಡೆದು ಹೋಗುವಷ್ಟು ಸಮೀಪವಾಗಿದ್ದುವು. ೧೯೪೯ರಲ್ಲಿ ನಗರವೂ ದಂಡಿನ ಪ್ರದೇಶವೂ ಕೂಡಿ ಒಂದೇ ಕಾರ್ಪೊರೇಷನ್ ಆದಾಗಲೂ, ೧೯೫೧ರ ಜನಗಣತಿಯಂತೆ ಇಲ್ಲಿನ ಜನ ಎಂಟು ಲಕ್ಷಕ್ಕೆ ಒಳಗೆಯೇ. ೨೦೧೧ರ ಗಣತಿಯಲ್ಲಿ ಅದು ೮೪ ಲಕ್ಷವನ್ನು ಮೀರಿತ್ತು.

ಜನ ಹೆಚ್ಚಿದುದೇ ದಟ್ಟಣೆಗೆ ಕಾರಣವೆಂದು ಅಧಿಕಾರಿಗಳು ಹೇಳುವುದುಂಟು. ಈ ಉತ್ತರವು ಸುಲಭವಾದದ್ದು, ಏಕೆಂದರೆ ಇದರಲ್ಲಿ ಯಾರ ಹೊಣೆಯೂ ಇಲ್ಲ. ಆದರೆ ಬೆಂಗಳೂರಿಗಿಂತ ದೊಡ್ಡದಾದ ಟೋಕಿಯೋ ನಗರವು ತನ್ನ ಜನರನ್ನು ದಿನಂಪ್ರತಿ ರೈಲಿನಲ್ಲಿ ಸಾಗಿಸುತ್ತಿದೆಯಲ್ಲ! ನಮ್ಮಲ್ಲಿ ನಡೆದುದೇನೆಂದರೆ, ಕೆಲಸದ ಸ್ಥಳಗಳು ಮೊದಲು ಹುಟ್ಟಿದುವು. ಅಲ್ಲಿಗೆ ಹೋಗುವ ಸಾರ್ವಜನಿಕ ಸಾಧನವು ಒಂದು ತಲೆಮಾರಿನ ಬಳಿಕ ಬಂದಿತು. ಎಲೆಕ್ಟ್ರಾನಿಕ್ ಸಿಟಿಯನ್ನು ೧೯೭೦ರ ದಶಕದ ಕೊನೆಯಲ್ಲಿ ಸ್ಥಾಪಿಸಲಾಯಿತು. ಅಲ್ಲಿಗೆ ಮೆಟ್ರೋ ರೈಲು ಮುಟ್ಟಿದುದು ೨೦೨೫ರ ಆಗಸ್ಟಿನಲ್ಲಿ. ವೈಟ್‌ಫೀಲ್ಡಿನ ಕಂಪನಿಗಳ ನೌಕರರು ನಗರದ ನಡುವಿನಿಂದ ಎಡೆಬಿಡದ ಮೆಟ್ರೋ ಮಾರ್ಗವನ್ನು ಕಂಡುದು ೨೦೨೩ರ ಅಕ್ಟೋಬರಿನಲ್ಲಿ. ಹೊರ ವರ್ತುಲ ರಸ್ತೆಯ ಕಥೆ ಇನ್ನೂ ವಿಚಿತ್ರವಾದದ್ದು. ಪರಸ್ಥಳದ ಲಾರಿಗಳು ಊರೊಳಗೆ ನುಗ್ಗದೆ ಸುತ್ತಿಕೊಂಡು ಹೋಗಲೆಂದು ಹಾಕಿದ ದಾರಿ ಅದು. ಅದರ ಇಕ್ಕೆಲಗಳಲ್ಲಿಯೂ ಲಕ್ಷಗಟ್ಟಲೆ ಜನರು ಕೆಲಸ ಮಾಡುವ ಸೌಧಗಳಿಗೆ ಅನುಮತಿಯನ್ನು ಕೊಟ್ಟವರು ಯಾರು? ಅನುಮತಿ ಕೊಡುವಾಗ, ಈ ಜನರು ಬರುವುದು ಹೇಗೆ, ಹೋಗುವುದು ಹೇಗೆ ಎಂಬ ಪ್ರಶ್ನೆಯು ಯಾರ ಕಡತದಲ್ಲಿಯೂ ಏಳಲಿಲ್ಲವೇ?

ಹಾಗೆ ಬಸ್ಸಾಗಲಿ ರೈಲಾಗಲಿ ಇಲ್ಲದ ಕಡೆ ಕೆಲಸ ದೊರೆತವನು ಮಾಡುವುದೇನು? ಸಾಲ ಮಾಡಿ ಮೋಟಾರು ಸೈಕಲ್ಲನ್ನು ಕೊಳ್ಳುತ್ತಾನೆ. ಸಂಬಳ ಹೆಚ್ಚಿದ ಮೇಲೆ ಕಾರನ್ನು ಕೊಳ್ಳುತ್ತಾನೆ. ಅವನನ್ನು ನಾವು ದೂರಲಾರೆವು. ೨೦೨೩ರ ಹೊತ್ತಿಗೆ ನಗರದಲ್ಲಿ ದಾಖಲಾದ ವಾಹನಗಳ ಸಂಖ್ಯೆಯು ಒಂದು ಕೋಟಿಯನ್ನು ಮೀರಿತು. ಅವುಗಳಲ್ಲಿ ಬಹುಪಾಲು ಎರಡು ಚಕ್ರದವು. ಎಲ್ಲವೂ ಒಮ್ಮೆಗೇ ಬೀದಿಗೆ ಇಳಿಯುವುದಿಲ್ಲವೆಂಬುದು ನಿಜ. ಇಳಿದರೆ ನಿಲ್ಲುವುದಕ್ಕೂ ಎಡೆಯಿರದು.

ಬೀದಿಯಲ್ಲಿರುವ ಜಾಗದ ಲೆಕ್ಕವನ್ನು ಒಂದಿಷ್ಟು ವಿಚಾರಿಸೋಣ. ಅರವತ್ತು ಮಂದಿ ಒಂದು ಬಸ್ಸಿನಲ್ಲಿ ಕುಳಿತರೆ ಅದು ಹಿಡಿಯುವ ಉದ್ದ ಹನ್ನೆರಡು ಮೀಟರು. ಅದೇ ಅರವತ್ತು ಮಂದಿ ಎರಡು ಕಾರಿಗೆ ಮೂವರಂತೆ ಹೊರಟರೆ ನಲವತ್ತು ಕಾರುಗಳು ಬೇಕು. ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಲ್ಲಿಸಿದರೂ ಆ ಸಾಲು ಇನ್ನೂರು ಮೀಟರಿನಷ್ಟಾಗುತ್ತದೆ. ಓಡುವಾಗ ಬೇಕಾಗುವ ಅಂತರವನ್ನು ಸೇರಿಸಿದರೆ ಅದು ಎಷ್ಟೋ ಪಾಲು ಬೆಳೆಯುತ್ತದೆ. ಈ ಕೂಡಿಕೆ ಕಳೆಯುವಿಕೆಗೆ ದೊಡ್ಡ ಇಂಜಿನಿಯರನು ಬೇಕಾಗಿಲ್ಲ. ಆದರೂ ನಮ್ಮ ಸಂಚಾರದ ಯೋಜನೆಗಳೆಲ್ಲವೂ ಎಷ್ಟು ವಾಹನಗಳು ದಾಟಿದುವು ಎಂದು ಎಣಿಸುತ್ತವೆಯೇ ಹೊರತು, ಎಷ್ಟು ಮನುಷ್ಯರು ದಾಟಿದರು ಎಂದು ಎಣಿಸುವುದಿಲ್ಲ.

ದಟ್ಟಣೆಯ ಸ್ವಭಾವದಲ್ಲಿ ಇನ್ನೊಂದು ಗುಟ್ಟಿದೆ. ಒಂದು ಸಾಲಿನಲ್ಲಿ ಗಂಟೆಗೆ ಸುಮಾರು ಎರಡು ಸಾವಿರ ಕಾರುಗಳು ಅಡೆತಡೆಯಿಲ್ಲದೆ ಹರಿಯಬಲ್ಲುವು. ಆ ಮಿತಿಯ ಹತ್ತಿರಕ್ಕೆ ಬಂದೊಡನೆ ಹರಿವು ನಾಜೂಕಾಗುತ್ತದೆ. ಮುಂದಿನವನೊಬ್ಬ ಬ್ರೇಕನ್ನು ಮುಟ್ಟಿದರೆ ಹಿಂದಿನವನು ಇನ್ನಷ್ಟು ಒತ್ತುತ್ತಾನೆ, ಅವನ ಹಿಂದಿನವನು ನಿಂತೇಬಿಡುತ್ತಾನೆ. ಜಪಾನಿನ ವಿಜ್ಞಾನಿಗಳು ೨೦೦೮ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಸ್ವಾರಸ್ಯವಾಗಿದೆ. ೨೩೦ ಮೀಟರು ಸುತ್ತಳತೆಯ ವರ್ತುಲದಲ್ಲಿ ೨೨ ಕಾರುಗಳನ್ನು ಒಂದೇ ವೇಗದಿಂದ ಓಡಿಸಿರೆಂದು ಚಾಲಕರಿಗೆ ಹೇಳಿದರು. ಸಿಗ್ನಲ್ಲಿಲ್ಲ, ಗುಂಡಿಯಿಲ್ಲ, ಅಡ್ಡ ಬರುವ ದನವಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿಯೇ ಕಾರುಗಳು ಒಂದೆಡೆ ಗುಂಪುಗೂಡಿ ನಿಂತುವು, ಆ ನಿಲುಗಡೆಯು ಅಲೆಯಂತೆ ಹಿಂದು ಹಿಂದಕ್ಕೆ ಸರಿಯಿತು. ಹೀಗೆ ಒಮ್ಮೆ ಕಟ್ಟಿಕೊಂಡ ಬೀದಿಯು ತನ್ನ ಶಕ್ತಿಯಷ್ಟು ವಾಹನಗಳನ್ನು ಕೂಡ ಸಾಗಿಸಲಾರದು. ಯಾವ ಹೊತ್ತಿನಲ್ಲಿ ಬೀದಿಯು ಹೆಚ್ಚು ದುಡಿಯಬೇಕೋ ಅದೇ ಹೊತ್ತಿನಲ್ಲಿ ಅದು ಕಡಿಮೆ ದುಡಿಯುತ್ತದೆ.

ಇದರಲ್ಲಿ ಒಂದು ಶುಭವಾರ್ತೆಯೂ ಅಡಗಿದೆ. ಮಿತಿಯನ್ನು ದಾಟಿಸಿದ್ದು ಕೊನೆಯ ಕೆಲವು ವಾಹನಗಳಾದುದರಿಂದ, ಅರ್ಧಕ್ಕರ್ಧ ವಾಹನಗಳನ್ನು ಬೀದಿಯಿಂದ ತೆಗೆಯಬೇಕಾಗಿಲ್ಲ. ಹತ್ತರಲ್ಲಿ ಒಂದೋ ಎರಡೋ ತೊಲಗಿದರೆ ಉಳಿದವು ಹರಿಯುತ್ತವೆ. ಶಾಲೆಗಳಿಗೆ ರಜೆ ಬಂದ ವಾರಗಳಲ್ಲಿ ಬೆಳಗಿನ ಬೀದಿಗಳು ಹೇಗಿರುತ್ತವೆಂಬುದನ್ನು ಬೆಂಗಳೂರಿನವರೆಲ್ಲರೂ ಬಲ್ಲರು.

ಆದರೆ ತೊಲಗಿಸುವ ಮಾರ್ಗವನ್ನು ಬಿಟ್ಟು ನಮ್ಮವರು ಹಿಡಿದಿರುವುದು ಅಗಲಿಸುವ ಮಾರ್ಗವನ್ನು. ಬೀದಿ ಅಗಲವಾದರೆ ಇಕ್ಕಟ್ಟು ಹೋಗುವುದೆಂಬುದು ತೋರಿಕೆಗೆ ನ್ಯಾಯವಾದ ಮಾತು. ೧೯೬೨ರಷ್ಟು ಹಿಂದೆಯೇ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ ಎಂಬಾತನು ಇದರ ಪೊಳ್ಳುತನವನ್ನು ವಿವರಿಸಿದನು. ಹೊಸ ದಾರಿ ತೆರೆದೊಡನೆ, ಇಷ್ಟು ದಿನ ಬೇರೆ ದಾರಿಯಲ್ಲಿ ಹೋಗುತ್ತಿದ್ದವರು, ಬೇರೆ ಹೊತ್ತಿನಲ್ಲಿ ಹೋಗುತ್ತಿದ್ದವರು, ಬಸ್ಸಿನಲ್ಲಿ ಹೋಗುತ್ತಿದ್ದವರು, ಎಲ್ಲರೂ ಅಲ್ಲಿಗೆ ಬರುತ್ತಾರೆ. ಹಳೆಯ ಇಕ್ಕಟ್ಟು ಮರಳಿ ಬರುವವರೆಗೂ ಬರುತ್ತಲೇ ಇರುತ್ತಾರೆ. ೨೦೧೧ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ ನಗರಗಳ ಅಂಕಿಗಳನ್ನು ಪರಿಶೀಲಿಸಿ, ಹೆದ್ದಾರಿಯು ಎಷ್ಟು ಪಾಲು ಬೆಳೆಯಿತೋ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಬೆಳೆಯಿತೆಂದು ತೋರಿಸಿದರು.

ಅಮೆರಿಕದವರೆಗೂ ಹೋಗಬೇಕಾದ ಅಗತ್ಯವಿಲ್ಲ. ಹೊಸೂರು ರಸ್ತೆಯ ಮೇಲೆ ಸುಮಾರು ಹತ್ತು ಕಿಲೋಮೀಟರು ಉದ್ದದ ಎತ್ತರಿಸಿದ ದಾರಿಯನ್ನು ೨೦೧೦ರ ಜನವರಿಯಲ್ಲಿ ತೆರೆದರು. ಆಕಾಶಮಾರ್ಗದಲ್ಲಿ ಕೆಲವೇ ನಿಮಿಷಗಳಲ್ಲಿ ಹಾರಿಬಂದ ಕಾರುಗಳೆಲ್ಲವೂ ಸಿಲ್ಕ್ ಬೋರ್ಡಿನ ಸಮೀಪದಲ್ಲಿ ನೆಲಕ್ಕಿಳಿದು, ಅಲ್ಲಿ ಸಾಲುಗಟ್ಟಿ ನಿಂತುವು. ಸಿಲ್ಕ್ ಬೋರ್ಡಿನ ಹೆಸರು ಸಂಕಟಕ್ಕೆ ಪರ್ಯಾಯಪದವಾಗಿ ಮಕ್ಕಳ ಬಾಯಲ್ಲಿಯೂ ನೆಲೆಗೊಂಡಿತು. ಹೆಬ್ಬಾಳದ ಮೇಲ್ಸೇತುವೆಯು ೨೦೦೩ರಲ್ಲಿ ಮುಗಿದಾಗ ಅದನ್ನು ನೋಡಲೆಂದು ಜನ ಹೋಗುತ್ತಿದ್ದರು. ಆ ಬಳಿಕ ಅದಕ್ಕೇ ಹೊಸ ಹೊಸ ಕೊಂಬೆಗಳನ್ನು ಕಟ್ಟಬೇಕಾಗಿ ಬಂದಿತು. ಮೇಲ್ಸೇತುವೆಯು ದಟ್ಟಣೆಯನ್ನು ಕಳೆಯುವುದಿಲ್ಲ. ಒಂದು ಚೌಕದಿಂದ ಮುಂದಿನ ಚೌಕಕ್ಕೆ ರವಾನಿಸುತ್ತದೆ.

ಇದರ ಖರ್ಚಾದರೂ ಅಲ್ಪವೇ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆಯನ್ನು ಕಟ್ಟುವೆವೆಂದು ೨೦೧೬ರಲ್ಲಿ ಸರಕಾರವು ಹೊರಟಿತು. ೬.೭ ಕಿಲೋಮೀಟರಿಗೆ ಸುಮಾರು ೧,೮೦೦ ಕೋಟಿ ರೂಪಾಯಿ. ಜೊತೆಗೆ ಎಂಟುನೂರಕ್ಕೂ ಮಿಕ್ಕಿ ಮರಗಳ ಬಲಿ. ಆ ವರ್ಷದ ಅಕ್ಟೋಬರಿನಲ್ಲಿ ಸಾವಿರಾರು ಪೌರರು ಕೈ ಕೈ ಹಿಡಿದು ಬೀದಿಯುದ್ದಕ್ಕೂ ನಿಂತು ಬೇಡವೆಂದರು. ೨೦೧೭ರ ಮಾರ್ಚಿನಲ್ಲಿ ಸರಕಾರವು ಅದನ್ನು ಕೈಬಿಟ್ಟಿತು. ಇದು ನಮ್ಮ ಪೌರರ ಇತಿಹಾಸದಲ್ಲಿ ನೆನೆಯತಕ್ಕ ಸಂಗತಿಯೇ ಸರಿ. ಆದರೆ ಮೇಲಕ್ಕೆ ಹೋಗಲಾರದ ಬುದ್ಧಿಯು ಬಳಿಕ ಕೆಳಕ್ಕೆ ಇಳಿಯಿತು! ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು ೧೭ ಕಿಲೋಮೀಟರಿನ ಸುರಂಗರಸ್ತೆಯ ಯೋಜನೆಯನ್ನು ಸರಕಾರದವರು ಮುಂದಿಟ್ಟರು. ೨೦೨೫ರಲ್ಲಿ ಹೇಳಿದ ಅಂದಾಜು ಹದಿನೇಳು ಸಾವಿರ ಕೋಟಿ ರೂಪಾಯಿಗಳ ಆಸುಪಾಸು. ಕಿಲೋಮೀಟರಿಗೆ ಸಾವಿರ ಕೋಟಿ! ಅದರಲ್ಲಿ ಸುಂಕ ತೆತ್ತು ಹೋಗತಕ್ಕವರು ಕಾರಿನವರು. ನಗರದ ಬಹುಪಾಲು ವಾಹನಗಳಾದ ದ್ವಿಚಕ್ರಗಳಿಗೆ ಅದರಲ್ಲಿ ಪ್ರವೇಶವಿಲ್ಲದಂತೆ ಯೋಜಿಸಿರುವರೆಂದ ಮೇಲೆ, ಈ ಹಣದ ಫಲವು ಯಾರಿಗೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಸುರಂಗದಿಂದ ಹೊರಬಂದ ಕಾರು ಎಲ್ಲಿಗೆ ಬರುವುದು? ಈಗಾಗಲೇ ತುಂಬಿರುವ ಬೀದಿಗೇ ತಾನೇ?

ನಮ್ಮ ಹಳ್ಳಿಗಳ ಗೋಮಾಳವನ್ನು ವಾಚಕರು ನೆನೆದುಕೊಳ್ಳಲಿ. ಅದು ಊರೆಲ್ಲರದು, ಯಾರೂ ದುಡ್ಡು ತೆರಬೇಕಾಗಿಲ್ಲ. ಆದರೆ ಇಷ್ಟು ದನ ಮೇಯಿಸಬಹುದು, ಇಂಥ ಕಾಲದಲ್ಲಿ ಬಿಡಬಾರದು ಎಂಬ ಕಟ್ಟುಪಾಡು ಊರಲ್ಲಿ ಇರುತ್ತಿತ್ತು. ಕಟ್ಟುಪಾಡು ಸಡಿಲಿದ ಊರಿನಲ್ಲಿ ಹೆಚ್ಚು ದನವುಳ್ಳವನು ಹೆಚ್ಚು ಮೇಯಿಸಿದನು. ಒಂದೇ ಹಸುವುಳ್ಳ ಬಡವಿಗೆ ಮಣ್ಣು ಉಳಿಯಿತು. ಬೆಂಗಳೂರಿನ ಬೀದಿಯೂ ಕಟ್ಟುಪಾಡಿಲ್ಲದ ಗೋಮಾಳವಾಗಿದೆ. ಕರ್ನಾಟಕದಲ್ಲಿ ಕಾರನ್ನು ಕೊಂಡ ದಿನವೇ ಆಜೀವ ತೆರಿಗೆಯನ್ನು ಒಮ್ಮೆಗೇ ಕಟ್ಟಿಸಿಕೊಳ್ಳುತ್ತಾರೆ. ಆ ಬಳಿಕ, ಭಾನುವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗುವವನೂ ಒಂದೇ, ದಿನಕ್ಕೆರಡು ಬಾರಿ ಸಿಲ್ಕ್ ಬೋರ್ಡಿನ ನಟ್ಟನಡುವೆ ನಿಲ್ಲುವವನೂ ಒಂದೇ. ತೆರಿಗೆಯು ಕಾರನ್ನು ಹೊಂದುವುದರ ಮೇಲೆ ಬೀಳುತ್ತದೆಯೇ ಹೊರತು ಬೀದಿಯನ್ನು ತುಂಬುವುದರ ಮೇಲೆ ಬೀಳುವುದಿಲ್ಲ. ನಿಲ್ಲಿಸುವ ಜಾಗದ ಮಾತಂತೂ ಇನ್ನೂ ಹೆಚ್ಚಿನದು. ಚದರಡಿಗೆ ಸಾವಿರಾರು ರೂಪಾಯಿ ಬಾಳುವ ನೆಲದ ಮೇಲೆ, ಸರಕಾರದ ಬೀದಿಯಲ್ಲಿ, ಕಾರನ್ನು ರಾತ್ರಿ ಹಗಲು ಬಿಟ್ಟಿಯಾಗಿ ನಿಲ್ಲಿಸಬಹುದು. ಅದೇ ಜಾಗದಲ್ಲಿ ಬಡವನೊಬ್ಬನು ಸೊಪ್ಪಿನ ಬುಟ್ಟಿಯನ್ನಿಟ್ಟುಕೊಂಡರೆ ಅವನನ್ನು ಎಬ್ಬಿಸುತ್ತಾರೆ.

ಬೀದಿಗೆ ಬೆಲೆಯಿಡಬೇಕೆಂಬುದು ಹೊಸ ಮಾತಲ್ಲ. ಸಿಂಗಪುರವು ೧೯೭೫ರಲ್ಲಿಯೇ, ನಗರದ ಒಳವಲಯಕ್ಕೆ ಬೆಳಗಿನ ಹೊತ್ತು ಬರುವ ಕಾರುಗಳು ಪರವಾನಗಿಯ ಚೀಟಿಯನ್ನು ಕೊಂಡು ಬರಬೇಕೆಂದು ವಿಧಿಸಿತು. ನಾಲ್ವರು ಕೂಡಿ ಬಂದ ಕಾರಿಗೆ ಆಗ ವಿನಾಯತಿಯಿತ್ತು. ೧೯೯೮ರಿಂದ ಅದೇ ಕೆಲಸವನ್ನು ವಿದ್ಯುದ್ಯಂತ್ರಗಳು ಮಾಡುತ್ತಿವೆ. ಲಂಡನ್ನಿನಲ್ಲಿ ೨೦೦೩ರ ಫೆಬ್ರುವರಿಯಲ್ಲಿ ದಿನಕ್ಕೆ ಐದು ಪೌಂಡಿನ ಸುಂಕವನ್ನು ಹಾಕಿದರು. ನ್ಯೂಯಾರ್ಕಿನಲ್ಲಿ ೨೦೨೫ರ ಜನವರಿಯಲ್ಲಿ ಆರಂಭವಾಯಿತು. ಸ್ಟಾಕ್‌ಹೋಮ್ ನಗರದ ಅನುಭವವು ಅಧಿಕಾರಿಗಳು ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಅಲ್ಲಿ ಬಹುಜನರು ಮೊದಲು ವಿರೋಧಿಸಿದರು. ೨೦೦೬ರಲ್ಲಿ ಏಳು ತಿಂಗಳು ಪರೀಕ್ಷಾರ್ಥವಾಗಿ ನಡೆಸಿ ನೋಡಿದಾಗ ಸುಂಕದ ಗೆರೆಯನ್ನು ದಾಟುವ ವಾಹನಗಳು ಐದರಲ್ಲಿ ಒಂದರಷ್ಟು ಕಡಿಮೆಯಾದುವು. ಬಳಿಕ ನಗರದ ಮತದಾರರೇ ಒಪ್ಪಿ, ೨೦೦೭ರಲ್ಲಿ ಅದು ಸ್ಥಿರವಾಯಿತು. ಲಂಡನ್ನಿನ ಬೀದಿಗಳಲ್ಲಿ ಕೆಲವು ವರ್ಷಗಳ ಬಳಿಕ ದಟ್ಟಣೆಯು ಮರಳಿದುದನ್ನೂ, ೨೦೨೨ರಲ್ಲಿ ಅದೇ ನಗರ ಪಟ್ಟಿಯ ತುದಿಯಲ್ಲಿದ್ದುದನ್ನೂ ನಾವು ಮರೆಮಾಚುವುದಿಲ್ಲ. ಒಮ್ಮೆ ಸುಂಕ ಹಾಕಿ ಕೈ ಕಟ್ಟಿ ಕುಳಿತರೆ ಸಾಲದು. ಬಾಡಿಗೆ ಕಾರುಗಳಿಗೆ ಅಲ್ಲಿ ಬಹುಕಾಲ ವಿನಾಯತಿಯನ್ನು ಕೊಟ್ಟಿದ್ದುದೂ ಒಂದು ದೋಷ.

ಇಂಥ ಸುಂಕವು ಬಡವರಿಗೆ ಹೊರೆಯೆಂದು ಕೆಲವು ಮಹನೀಯರು ಮರುಗುತ್ತಾರೆ. ಬಡವರ ಮೇಲಿನ ಈ ಮರುಕವು ಬಸ್ಸಿನ ದರ ಏರಿದಾಗ ಅವರಲ್ಲಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಬಡವರು ಕಾರಿನಲ್ಲಿ ಕುಳಿತು ದಟ್ಟಣೆಯನ್ನು ಮಾಡುತ್ತಿಲ್ಲ. ಆದರೆ ಒಂದು ಆಕ್ಷೇಪಣೆಯನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ: ಬೇರೆ ಸಾಧನವನ್ನು ಒದಗಿಸದೆ ಸುಂಕವನ್ನು ಮಾತ್ರ ಹಾಕುವುದು ಸುಲಿಗೆಯಾಗುತ್ತದೆ. ಮೊದಲು ಬಸ್ಸು, ಬಳಿಕ ಸುಂಕ; ಬಂದ ಸುಂಕವೆಲ್ಲವೂ ಮತ್ತೆ ಬಸ್ಸಿಗೆ. ಈ ಕ್ರಮವನ್ನು ಕಾನೂನಿನಲ್ಲಿಯೇ ಬರೆದಿಡಬೇಕು. ಇಲ್ಲವಾದರೆ ಆ ಹಣವು ಬೊಕ್ಕಸದಲ್ಲಿ ಬೆರೆತು ಮತ್ತೊಂದು ಮೇಲ್ಸೇತುವೆಯಾಗಿ ಎದ್ದು ನಿಲ್ಲುವುದರಲ್ಲಿ ಸಂದೇಹವಿಲ್ಲ.

ಬಸ್ಸಿನ ವಿಷಯಕ್ಕೆ ಬರೋಣ. ಹಿಂದೆ ನಗರದ ಬಸ್ಸುಗಳಿಗೆ ಬಿ.ಟಿ.ಎಸ್. ಎಂಬ ಹೆಸರಿದ್ದಾಗ, “ಬಿಟ್ಟರೆ ತಿರುಗಿ ಸಿಗೋಲ್ಲ” ಎಂದು ಜನ ಅದನ್ನು ಬಿಡಿಸುತ್ತಿದ್ದರು. ನಗೆಯ ಮಾತಾದರೂ ಅದರಲ್ಲಿ ಸಂಚಾರಶಾಸ್ತ್ರದ ಸಾರವೆಲ್ಲವೂ ಇದೆ. ಒಂದು ಬಸ್ಸು ದಿನಕ್ಕೆ ಎಂಟು ಸುತ್ತು ಹೊಡೆಯಬಲ್ಲುದೆಂದು ಇಟ್ಟುಕೊಳ್ಳೋಣ. ದಟ್ಟಣೆಯಲ್ಲಿ ಸಿಕ್ಕಿ ಅದು ಐದೇ ಸುತ್ತು ಹೊಡೆದರೆ, ಡ್ರೈವರಿನ ಸಂಬಳವೂ ಕಂಡಕ್ಟರಿನ ಸಂಬಳವೂ ಅಷ್ಟೇ, ಡೀಸೆಲ್ಲು ಇನ್ನೂ ಹೆಚ್ಚು, ಆದಾಯ ಮಾತ್ರ ಕಡಿಮೆ. ನಿಲ್ದಾಣದಲ್ಲಿ ಕಾಯುವವನಿಗೆ ಹತ್ತು ನಿಮಿಷಕ್ಕೆ ಬರಬೇಕಾದ ಬಸ್ಸು ಹದಿನಾರು ನಿಮಿಷಕ್ಕೆ ಬರುತ್ತದೆ, ಅದೂ ಕಿಕ್ಕಿರಿದು. ಹೀಗೆ ತಿಂಗಳುಗಟ್ಟಲೆ ಕಾದವನು ಬೇಸತ್ತು ಕಂತಿನ ಮೇಲೆ ಸ್ಕೂಟರನ್ನು ತರುತ್ತಾನೆ. ಆ ಸ್ಕೂಟರು ಬಸ್ಸಿನ ಮುಂದೆಯೇ ಬಂದು ನಿಂತು ಅದನ್ನು ಇನ್ನಷ್ಟು ತಡೆಯುತ್ತದೆ. ಈ ವಿಷಚಕ್ರವನ್ನು ಕಡಿಯುವ ಸಾಧನವು ಒಂದೇ. ಬಸ್ಸನ್ನು ಕಾರುಗಳ ಗುಂಪಿನಿಂದ ಬೇರ್ಪಡಿಸಿ, ಅದಕ್ಕೆ ಅದರದೇ ಆದ ಪಥವನ್ನು ಕೊಡುವುದು.

ಬೆಂಗಳೂರಿನಲ್ಲಿ ಇದನ್ನು ಒಮ್ಮೆ ಮಾಡಿ ನೋಡಿದರು. ೨೦೧೯ರ ಕೊನೆಯ ತಿಂಗಳುಗಳಲ್ಲಿ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಕಡೆಗೆ, ಗೂಟಗಳನ್ನು ನೆಟ್ಟು ಬಸ್ಸುಗಳಿಗೆಂದು ಪ್ರತ್ಯೇಕ ಪಥವನ್ನು ಬಿಟ್ಟರು. ಅದಕ್ಕೆ ನಿಂಬಸ್ ಎಂದು ಹೆಸರಿಟ್ಟರು. ನೂರಾರು ಕೋಟಿ ಬೇಕಾಗಲಿಲ್ಲ, ಒಬ್ಬರ ಮನೆಯನ್ನೂ ಕೆಡವಲಿಲ್ಲ. ಕಾರಿನ ಸಾಲು ನಿಂತಿರುವಾಗ ಪಕ್ಕದಲ್ಲಿ ಬಸ್ಸು ಸಾಗಿಹೋಗುವ ಅಪೂರ್ವ ದೃಶ್ಯವನ್ನು ಬೆಂಗಳೂರು ಆಗ ಕಂಡಿತು. ಅನಂತರ ೨೦೨೦ರ ಕೊರೋನ ಪಿಡುಗು ಬಂದಿತು. ಮೆಟ್ರೋ ಕಂಬಗಳ ಕೆಲಸವು ಆರಂಭವಾಯಿತು. ಗೂಟಗಳು ಮುರಿದುವು, ಪಥವು ಮಾಯವಾಯಿತು. ಆ ಪಥವನ್ನು ಕಾಯಬೇಕೆಂದು ಹಟ ಹಿಡಿದ ಅಧಿಕಾರಿಯಾಗಲಿ ಮಂತ್ರಿಯಾಗಲಿ ಕಾಣಲಿಲ್ಲ.

ನಮ್ಮ ನಾಡಿನಲ್ಲಿಯೇ ಹುಬ್ಬಳ್ಳಿ ಧಾರವಾಡಗಳ ನಡುವೆ ಸುಮಾರು ೨೨ ಕಿಲೋಮೀಟರು ಬಸ್ಸಿಗೇ ಮೀಸಲಾದ ಮಾರ್ಗವನ್ನು ನಿರ್ಮಿಸಿ, ೨೦೧೮ರಿಂದ “ಚಿಗರಿ” ಬಸ್ಸುಗಳನ್ನು ಓಡಿಸಿದರು. ಹೆಸರಿಗೆ ತಕ್ಕ ಓಟ. ಅಲ್ಲಿಯೂ, ಬಸ್ಸಿನ ಮಾರ್ಗವು ಖಾಲಿ ಕಾಣುತ್ತದೆ, ನಮಗೂ ಬಿಡಿರಿ ಎಂಬ ಕೂಗು ಕಾರಿನವರಿಂದ ಎದ್ದಿತು. ಖಾಲಿ ಕಾಣುವುದೇ ಆ ಮಾರ್ಗದ ಗುಣವೆಂಬುದು ಅವರಿಗೆ ಹೊಳೆಯುವುದಿಲ್ಲ. ನಿಮಿಷಕ್ಕೊಂದು ಬಸ್ಸು ಹಾಯ್ದುಹೋದರೆ ಗಂಟೆಗೆ ಮೂರು ನಾಲ್ಕು ಸಾವಿರ ಜನ ಹೋದಂತಾಗುತ್ತದೆ; ಪಕ್ಕದಲ್ಲಿ ತುಂಬಿ ತುಳುಕುವ ಕಾರಿನ ಸಾಲು ಅಷ್ಟನ್ನು ಸಾಗಿಸದು.

ಬೆಂಗಳೂರಿನಲ್ಲಿ ಆರೇಳು ಸಾವಿರ ಬಸ್ಸುಗಳಿವೆ. ಊರಿನ ಗಾತ್ರಕ್ಕೆ ಇವು ಸಾಲವು. ಇದ್ದವು ಕೂಡ ತೆವಳುತ್ತಿವೆ. ೨೦೨೩ರ ಜೂನಿನಿಂದ ಹೆಂಗಸರಿಗೆ ಉಚಿತ ಪ್ರಯಾಣವು ದೊರೆತುದರಿಂದ, ಮನೆಗೆಲಸದವರೂ ಗಾರ್ಮೆಂಟ್ ಕಾರ್ಖಾನೆಗಳ ಕೆಲಸಗಾರ್ತಿಯರೂ ಉಳಿಸಿದ ಹಣವು ಅಲ್ಪವಲ್ಲ. ಅದನ್ನು ಹಳಿಯುವವರ ಸಾಲಿಗೆ ನಾವು ಸೇರುವುದಿಲ್ಲ. ಪ್ರಯಾಣಿಕರನ್ನು ಹೆಚ್ಚಿಸಿದ ಸರಕಾರವು ಬಸ್ಸುಗಳನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕಾಗಿತ್ತೆಂಬುದಷ್ಟೇ ನಮ್ಮ ಮಾತು. ಮೆಟ್ರೋದ ವಿಷಯದಲ್ಲಿಯಾದರೋ ನಡೆದುದು ತದ್ವಿರುದ್ಧ. ೨೦೧೧ರಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಏಳು ಕಿಲೋಮೀಟರು ಕೂಡ ಇಲ್ಲದ ಮಾರ್ಗದಿಂದ ಆರಂಭವಾದ ಈ ರೈಲು ೨೦೨೫ರಲ್ಲಿ ತೊಂಬತ್ತು ಕಿಲೋಮೀಟರನ್ನು ದಾಟಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರವನ್ನು ೬೦ ರೂಪಾಯಿಯಿಂದ ೯೦ ರೂಪಾಯಿಗೆ ಏರಿಸಿದರು. ಒಂದು ಕೈಯಿಂದ ಸಾವಿರಾರು ಕೋಟಿ ಸುರಿದು ರೈಲನ್ನು ಕಟ್ಟಿ, ಇನ್ನೊಂದು ಕೈಯಿಂದ ಪ್ರಯಾಣಿಕನನ್ನು ಸ್ಕೂಟರಿನ ಕಡೆಗೆ ನೂಕುವುದು ಯಾವ ಅರ್ಥಶಾಸ್ತ್ರವೋ ನಮಗೆ ತಿಳಿಯದು. ಉಪನಗರ ರೈಲಿನ ಕಥೆ ಇನ್ನೂ ದುಃಖದ್ದು. ೧೪೮ ಕಿಲೋಮೀಟರಿನ ಆ ಯೋಜನೆಗೆ ೨೦೨೦ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ೨೦೨೨ರ ಜೂನಿನಲ್ಲಿ ಅಡಿಗಲ್ಲಿಟ್ಟು, ನಲವತ್ತು ತಿಂಗಳಲ್ಲಿ ಮುಗಿಸುವೆವೆಂದರು. ಆ ನಲವತ್ತು ತಿಂಗಳು ಕಳೆದಾಗ ಒಂದು ರೈಲೂ ಓಡಿರಲಿಲ್ಲ.

ಬಸ್ಸಿಗೂ ರೈಲಿಗೂ ಹೋಗತಕ್ಕವನು ಮೊದಲು ನಡೆಯಬೇಕು. ನಡೆಯಲು ಹಾದಿಯೆಲ್ಲಿ? ಕೆಲವು ವರ್ಷಗಳ ಹಿಂದೆ ರೆಸಿಡೆನ್ಸಿ ರಸ್ತೆಯೇ ಮೊದಲಾದ ಕೆಲವು ಬೀದಿಗಳಲ್ಲಿ ಫುಟ್‌ಪಾತನ್ನು ಅಗಲವಾಗಿ, ಸಮನಾಗಿ ಕಟ್ಟಿದಾಗ, ಕಾರಿನ ಜಾಗವನ್ನು ಕಿತ್ತುಕೊಂಡರೆಂದು ಗದ್ದಲವಾಯಿತು. ಈಗ ಅಲ್ಲಿ ಮುದುಕರೂ ಮಕ್ಕಳೂ ಕೈಯಲ್ಲಿ ಪ್ರಾಣ ಹಿಡಿದುಕೊಳ್ಳದೆ ನಡೆಯುತ್ತಾರೆ. ಉಳಿದ ಕಡೆಗಳಲ್ಲಿ ಒಂದೆಡೆ ಟ್ರಾನ್ಸ್‌ಫಾರ್ಮರು, ಒಂದೆಡೆ ಕಿತ್ತ ಕಲ್ಲು, ಒಂದೆಡೆ ಕಾರಿನ ಮುಂಗಾಲು. ದಟ್ಟಣೆ ಹೆಚ್ಚಾದಾಗ ಮೋಟಾರು ಸೈಕಲ್ಲುಗಳೂ ಫುಟ್‌ಪಾತನ್ನೇರುತ್ತವೆ. ನಡೆಯುವವನು ಬೀದಿಗೆ ಇಳಿಯುತ್ತಾನೆ.

ಇಷ್ಟೆಲ್ಲವನ್ನೂ ನಡೆಸತಕ್ಕವರು ಯಾರು? ಬೀದಿ ಒಬ್ಬರದು, ಬಸ್ಸು ಒಬ್ಬರದು, ಮೆಟ್ರೋ ಒಬ್ಬರದು, ಸಿಗ್ನಲ್ಲು ಪೋಲೀಸಿನವರದು, ಬಡಾವಣೆಯ ನಕ್ಷೆ ಪ್ರಾಧಿಕಾರದ್ದು. ಒಬ್ಬರು ಟಾರು ಹಾಕಿದ ಮರುವಾರವೇ ಇನ್ನೊಬ್ಬರು ಅಗೆಯುವುದು ಈ ಹಂಚಿಕೆಯ ಫಲ. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಲೆಂದು ಭೂಸಾರಿಗೆ ಪ್ರಾಧಿಕಾರದ ಮಸೂದೆಯನ್ನು ೨೦೨೨ರಲ್ಲಿ ಶಾಸನಸಭೆಯು ಅಂಗೀಕರಿಸಿತು. ನಿಲುಗಡೆಗೆ ದರ ವಿಧಿಸುವ ನೀತಿಯೊಂದು ೨೦೨೧ರಲ್ಲಿಯೇ ಒಪ್ಪಿಗೆಯನ್ನು ಪಡೆದಿತ್ತು. ಎರಡೂ ಕಾಗದದಿಂದ ಬೀದಿಗೆ ಇಳಿಯಲು ತಿಣುಕಿದುವು. ಇತ್ತ ೨೦೨೦ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ, ಕೋಟಿ ಜನರ ಊರು ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿಯೇ ನಡೆಯಿತು. ೨೦೨೫ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಬಸ್ಸಿನ ಪಥವು ಒಂದು ಪಾಲಿಕೆಯ ಎಲ್ಲೆಯಲ್ಲಿ ಆರಂಭವಾಗಿ ಮತ್ತೊಂದರಲ್ಲಿ ನಿಂತುಹೋಗದಂತೆ ನೋಡಿಕೊಳ್ಳುವ ಹೊಣೆಯು ಈಗ ಇನ್ನೂ ಭಾರವಾಗಿದೆ.

ಅಧಿಕಾರಿಗಳಿಗೆ ನಮ್ಮ ವಿಜ್ಞಾಪನೆಯು ದೊಡ್ಡದೇನೂ ಅಲ್ಲ. ಹದಿನೇಳು ಸಾವಿರ ಕೋಟಿಯ ಮಾತನ್ನು ಅತ್ತ ಇರಿಸಿ. ಹೊರ ವರ್ತುಲ ರಸ್ತೆಯಲ್ಲಿ ಮೆಟ್ರೋ ಕೆಲಸವು ಮುಗಿದ ಕಡೆ ರಸ್ತೆಯನ್ನು ಹೊಸದಾಗಿ ಹಾಸಬೇಕಷ್ಟೆ. ಹಾಗೆ ಹಾಸುವ ರಾತ್ರಿಯೇ, ಟಾರು ಆರುವುದಕ್ಕೆ ಮೊದಲು, ಕಾರುಗಳಿಗೆ ಆ ಜಾಗದ ರುಚಿ ಹತ್ತುವುದಕ್ಕೆ ಮೊದಲು, ನಿಂಬಸ್ಸಿನ ಗೂಟಗಳನ್ನು ಮತ್ತೆ ನೆಡಿಸಲಿ. ಈ ಬಾರಿ ಕಾಂಕ್ರೀಟಿನವನ್ನು ನೆಡಿಸಲಿ. ಬಸ್ಸಿನ ಪಥಕ್ಕೆ ನುಗ್ಗುವ ವಾಹನಗಳಿಗೆ ದಂಡ ವಿಧಿಸಲು ಕ್ಯಾಮರಗಳನ್ನು ಇರಿಸಲಿ. ಸಿಗ್ನಲ್ ಮುರಿದವರನ್ನು ಹಿಡಿಯುವ ಕ್ಯಾಮರಗಳು ಪೋಲೀಸಿನವರಲ್ಲಿ ಹೇಗೂ ಇವೆ. ಇದಕ್ಕೆ ಹೊಸ ಶಾಸನವೂ ಬೇಡ, ವಿದೇಶದ ಸಾಲವೂ ಬೇಡ.